‘ನಾ ಹೇಳೋದು ಹೇಳೀನಿ’: ಆಡದ ಅರ್ಥವನ್ನು ಕೇಳುವ ಕಿವಿಗೆ ರಾಜಕೀಯ ಒಲವು ಎಷ್ಟು ಕಾರಣ?

ಕಾಗಿಣಾ ದಂಡೆ (ಚರ್ಚೆ ಆರಂಭಿಸಿದವರು)

ಕಳೆದ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜಾರೋಹಣ ಮುಗಿದ ಮೇಲೆ ನಾವು ನಾಲ್ವರು ಜಗತ್ ವೃತ್ತದ ಸಮೀಪದ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆವು. ನಮ್ಮಲ್ಲಿ ಹಿರಿಯರಾದ, ಎಂಬತ್ತು ದಾಟಿದ ಒಬ್ಬರು ಬಸಿಗೆ ಚಹಾ ಸುರಿದುಕೊಳ್ಳುತ್ತ, ‘ಈ ದಿನ ಬಂತಂದ್ರ ನಮಗ ಏನೇನೋ ನೆನಪಾಗ್ತದ್ರಿ’ ಎಂದರು. ಅಷ್ಟೇ ಮಾತು. ನನ್ನ ಎಡಕ್ಕೆ ಕುಳಿತಿದ್ದ ಗೆಳೆಯರು ಕೂಡಲೇ ತಲೆದೂಗಿ, ರಜಾಕಾರರು ಊರೂರಿಗೆ ನುಗ್ಗಿದ್ದನ್ನು ಯಾರು ಮರೆಯಲಾದೀತು ಎಂದರು. ಬಲಕ್ಕೆ ಕುಳಿತಿದ್ದವರು ಅದೇ ಹೊತ್ತಿಗೆ ನಿಟ್ಟುಸಿರು ಬಿಟ್ಟು, ಸೈನ್ಯ ಬಂದ ಮೇಲೆ ಏನಾಯಿತೆಂಬ ಮಾತನ್ನು ಈಗಲಾದರೂ ಒಬ್ಬರು ಎತ್ತಿದರಲ್ಲ ಎಂದರು. (ಕುಳಿತ ಜಾಗಕ್ಕೂ ಅವರ ರಾಜಕೀಯಕ್ಕೂ ಸಂಬಂಧವಿಲ್ಲ, ನಿಜಕ್ಕೂ ಅದು ಅದಲುಬದಲಾಗಿತ್ತು.) ಹಿರಿಯರು ತಮ್ಮ ಕಡೆಯವರೇ ಎಂದು ಇಬ್ಬರಿಗೂ ಅನ್ನಿಸಿತ್ತು. ತಾವು ಹೇಳಿದ್ದು ಯಾವ ನೆನಪು ಎಂದು ನಾನು ಕೇಳಿದಾಗ ಅವರು ‘ನಾ ಹೇಳೋದು ಹೇಳೀನಿ’ ಎಂದು ಬಸಿ ಕೆಳಗಿಟ್ಟರು.

ನಮ್ಮ ಭಾಗದ ಹೊರಗಿನವರಿಗಾಗಿ ಒಂದು ಮಾತು. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಸೈನಿಕ ಕಾರ್ಯಾಚರಣೆ 17ರಂದು ನಿಜಾಮರು ಕದನ ವಿರಾಮ ಘೋಷಿಸುವುದರೊಂದಿಗೆ ಮುಗಿಯಿತು. ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಬಂತು. ಆ ಮೊದಲು ನಿಜಾಮರ ಪರವಾಗಿದ್ದ ರಜಾಕಾರರೆಂಬ ಸಶಸ್ತ್ರ ಪಡೆಯ ದೌರ್ಜನ್ಯವನ್ನು ಹಳ್ಳಿಗಳು ಅನುಭವಿಸಿದ್ದವು. ಆ ಬಳಿಕ ನಡೆದದ್ದನ್ನು ಅರಿಯಲು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ, ಮುಸಲ್ಮಾನರ ಮೇಲೆ ನಡೆದ ಹಿಂಸೆ ಅತಿ ಹೆಚ್ಚಾಗಿದ್ದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಮತ್ತು ಬೀದರಗಳನ್ನೂ ಸೇರಿಸಿತ್ತು. ಆದುದರಿಂದ ‘ಏನೇನೋ’ ಎಂಬ ಒಂದೇ ಪದದೊಳಗೆ ಎರಡೂ ನೆನಪುಗಳಿಗೆ ಜಾಗವಿದೆ. ಈ ದಿನವನ್ನು ‘ವಿಮೋಚನೆ’ ಎನ್ನುವವನನ್ನು, ‘ವಿಲೀನ’ ಎನ್ನುವವನನ್ನು, ‘ಪೊಲೀಸ್ ಆ್ಯಕ್ಷನ್’ ಎನ್ನುವವನನ್ನು ನಾವು ಆ ಪದದ ಮೇಲೆಯೇ ಗುರುತಿಸಿಬಿಡುತ್ತೇವೆ. ಮುಂದಿನ ವಾಕ್ಯಕ್ಕೆ ಕಾಯುವುದಿಲ್ಲ.

ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟನು 11ನೆಯ ಶತಮಾನದಲ್ಲಿ ಕೊಟ್ಟ ಒಂದು ಉದಾಹರಣೆಯನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ: ‘ಸೂರ್ಯ ಮುಳುಗಿದ.’ ಇದನ್ನು ಕೇಳಿದ ದನಗಾಹಿಗೆ ದನ ಹಟ್ಟಿಗೆ ಹೊಡೆಯಬೇಕೆಂದು, ಕೂಲಿಯವನಿಗೆ ಕೆಲಸ ನಿಲ್ಲಿಸಬೇಕೆಂದು, ಅಂಗಡಿಯವನಿಗೆ ಸರಕು ಒಳಗಿಡಬೇಕೆಂದು, ಪ್ರಿಯನನ್ನು ಕಾಯುತ್ತಿರುವವಳಿಗೆ ಅವನು ಇನ್ನೂ ಬರಲಿಲ್ಲವೆಂದು ಅರ್ಥವಾಗುತ್ತದೆ. ಹೇಳಿದವನಾರು, ಕೇಳಿದವನಾರು, ದನಿಯ ಏರಿಳಿತವೇನು, ಸ್ಥಳಕಾಲಗಳೇನು ಎಂಬುದರ ಮೇಲೆ ವ್ಯಂಗ್ಯಾರ್ಥ, ಅಂದರೆ ಆಡದೆ ಸೂಚಿಸಿದ ಅರ್ಥ, ನಿಲ್ಲುತ್ತದೆಂದು ಆತ ಪಟ್ಟಿ ಮಾಡಿದ್ದಾನೆ. ಅದಕ್ಕೂ ಮೊದಲು, 9ನೆಯ ಶತಮಾನದಲ್ಲಿ, ನಮ್ಮ ಕಾಗಿಣಾ ದಂಡೆಯ ಮಳಖೇಡವನ್ನು ರಾಜಧಾನಿ ಮಾಡಿಕೊಂಡಿದ್ದ ನೃಪತುಂಗನ ಕಾಲದಲ್ಲಿ ಹುಟ್ಟಿದ ಕವಿರಾಜಮಾರ್ಗ ಈ ನಾಡಿನವರನ್ನು ‘ಪದನರಿದು ನುಡಿಯಲುಂ ನುಡಿದುದನರಿದಾರಯಲುಮಾರ್ಪರಾ ನಾಡವರ್ಗಳ್’ ಎಂದು ಹೊಗಳಿತು. ಹದವರಿತು ನುಡಿಯಬಲ್ಲರು ಎಂಬ ಮೊದಲರ್ಧವನ್ನು ನಾವು ಎಲ್ಲ ವೇದಿಕೆಗಳಲ್ಲೂ ಹೇಳಿಕೊಳ್ಳುತ್ತೇವೆ. ನುಡಿದದ್ದನ್ನು ಅರಿತು ವಿಚಾರಿಸಬಲ್ಲರು ಎಂಬ ಉಳಿದರ್ಧದ ಬಗ್ಗೆ ನನಗೆ ಈಗ ಅನುಮಾನ ಬಂದಿದೆ.

ನನ್ನ ವಾದ ಇಷ್ಟು. ರಾಜಕೀಯ ಒಲವಿನಿಂದ ನಮ್ಮ ಬುದ್ಧಿ ಮಂದವಾಗುವುದಿಲ್ಲ. ಮಮ್ಮಟನ ಪಟ್ಟಿಯ ಮೊದಲ ಅಂಶ, ಅಂದರೆ ‘ಹೇಳಿದವನಾರು’ ಎಂಬುದು, ಕೇಳುವವನ ಮನಸ್ಸಿನಲ್ಲಿ ಬದಲಾಗುತ್ತದೆ. ನಮ್ಮವರು ಎಡವಿದರೆ ‘ಅವರು ಅಂದದ್ದು ಇಷ್ಟೇ’ ಎಂದು ವಾಚ್ಯಾರ್ಥದ, ಅಂದರೆ ಶಬ್ದದ ನೇರ ಅರ್ಥದ, ಮರೆಗೆ ಸರಿಯುತ್ತೇವೆ. ಎದುರಿನವರು ಹವಾಮಾನದ ಮಾತಾಡಿದರೂ ಅದರಲ್ಲಿ ಧ್ವನಿ, ಅಂದರೆ ಒಳ ಅರ್ಥ, ಹುಡುಕುತ್ತೇವೆ. ಇದು ಸರಿಯೇ? ತಪ್ಪಿದ್ದರೆ ಎಲ್ಲಿ ತಪ್ಪಿದೆ?

ಬ್ರಹ್ಮಪುರದ ವಕೀಲ

ಸರ್, ಕಾವ್ಯಮೀಮಾಂಸಕರು ಮಾತ್ರವಲ್ಲ, ದಂಡಸಂಹಿತೆ ಬರೆದವರೂ ಈ ತೊಡಕನ್ನು ಬಲ್ಲವರಾಗಿದ್ದರು. 1860ರ ಭಾರತೀಯ ದಂಡಸಂಹಿತೆಯ ಮಾನಹಾನಿಯ 499ನೆಯ ಕಲಂ ತೆರೆದರೆ ಅಲ್ಲಿರುವ ಮೊದಲ ದೃಷ್ಟಾಂತವೇ ವ್ಯಂಗ್ಯೋಕ್ತಿ. ‘ಇಂಥವನು ಪ್ರಾಮಾಣಿಕ, ಅವನು ಇಂಥವನ ಗಡಿಯಾರ ಕದಿಯಲೇ ಇಲ್ಲ’ ಎಂದು ಒಬ್ಬನು ಹೇಳುತ್ತಾನೆ, ಕೇಳಿದವರು ಅವನೇ ಕದ್ದನೆಂದು ನಂಬಲಿ ಎಂಬ ಉದ್ದೇಶದಿಂದ. ಅಕ್ಷರಶಃ ಅದು ಹೊಗಳಿಕೆ. ಕಾನೂನಿನ ದೃಷ್ಟಿಯಲ್ಲಿ ಅದು ಮಾನಹಾನಿ. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆ ಬಂದ ಮೇಲೂ ಮಾನಹಾನಿಯ ಈ ವ್ಯಾಖ್ಯೆ ಮುಂದುವರಿದಿದೆ.

ಇನ್ನು ಯಾರ ಕಿವಿಯನ್ನು ಪ್ರಮಾಣವಾಗಿ ಹಿಡಿಯಬೇಕು ಎಂಬ ಪ್ರಶ್ನೆ. ದೇಶ ವಿಭಜನೆಯ ಕುರಿತ ದೂರದರ್ಶನ ಧಾರಾವಾಹಿಯೊಂದನ್ನು ತಡೆಯಬೇಕೆಂಬ ಅರ್ಜಿ 1988ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನ್ಯಾಯಾಲಯವು ನಾಗಪುರದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಹಿಂದೆ ಹೇಳಿದ್ದ ಮಾತನ್ನು ಎತ್ತಿಕೊಂಡಿತು. ಮಾತಿನ ಪರಿಣಾಮವನ್ನು ವಿವೇಕಿಯಾದ, ದೃಢಮನಸ್ಸಿನ, ಧೈರ್ಯವಂತನಾದ ಮನುಷ್ಯನ ಅಳತೆಯಿಂದ ಅಳೆಯಬೇಕೇ ಹೊರತು, ದುರ್ಬಲನೂ ಚಂಚಲನೂ ಆದವನ ಅಳತೆಯಿಂದಲ್ಲ, ತನಗೊಪ್ಪದ ಪ್ರತಿಯೊಂದು ನಿಲುವಿನಲ್ಲೂ ಅಪಾಯದ ವಾಸನೆ ಹಿಡಿಯುವವನ ಅಳತೆಯಿಂದಂತೂ ಅಲ್ಲ ಎಂಬುದು ಅದರ ಸಾರ. ತಾವು ಹೇಳುವ ‘ಹವಾಮಾನದ ಮಾತಿನಲ್ಲೂ ಧ್ವನಿ ಹುಡುಕುವವನು’ ಈ ಕೊನೆಯ ಮನುಷ್ಯನೇ. ಅವನನ್ನು ನ್ಯಾಯಾಲಯ ಹೊರಗಿಟ್ಟಿತು. ಹೋಟೆಲಿನಲ್ಲಿ ಅವನನ್ನು ಹೊರಗಿಡಲು ಬರುವುದಿಲ್ಲ; ಬಹುಮಟ್ಟಿಗೆ ಬಿಲ್ಲು ಕೊಡುವವನೂ ಅವನೇ ಆಗಿರುತ್ತಾನೆ.

ತೊಗರಿ ಕಣ

ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ನಾನು ಕಲಬುರಗಿ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಅಡತ್ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುವವನು. ಸುಗ್ಗಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾನು ಕೇಳುವ ಮಾತಿನಲ್ಲಿ ಅರ್ಧದಷ್ಟು ಆಡದ ಮಾತೇ. ಖರೀದಿದಾರ ತೊಗರಿಯನ್ನು ಅಂಗೈಯಲ್ಲಿ ಹಿಡಿದು ‘ಮಾಲು ಛಲೋ ಅದ, ಖರೇ’ ಎಂದು ಹೇಳಿ ‘ಖರೇ’ ಎಂಬಲ್ಲಿ ನಿಲ್ಲಿಸಿದರೆ, ತೇವ ಹೆಚ್ಚಿದೆ, ದರ ಇಳಿಸುತ್ತೇನೆ ಎಂದರ್ಥ. ‘ನೋಡಾಮ್ರಿ’ ಎಂದರೆ ಆಗುವುದಿಲ್ಲ ಎಂದರ್ಥ. ಅಡತಿಯು ರೈತನಿಗೆ ‘ಮನಿ ಕಡೆ ಎಲ್ಲಾ ಆರಾಮ?’ ಎಂದು ಎರಡನೆಯ ಬಾರಿ ಕೇಳಿದರೆ ಹಳೆಯ ಬಾಕಿಯ ನೆನಪು ಮಾಡುತ್ತಿದ್ದಾನೆ ಎಂದರ್ಥ. ಇದು ತಿಳಿಯಲು ಯಾರಿಗೂ ಪಕ್ಷ ಬೇಕಾಗಿಲ್ಲ. ಎಡ ಬಲ ಎಲ್ಲರಿಗೂ ‘ನೋಡಾಮ್ರಿ’ ಒಂದೇ ರೀತಿ ಅರ್ಥವಾಗುತ್ತದೆ.

ಮನೆಯಲ್ಲಿಯೂ ಹಾಗೆಯೇ. ಕುಂಕುಮ ತೀರಿದರೆ ತೀರಿತೆನ್ನದೆ ‘ಹೆಚ್ಚಾಗಿದೆ’ ಎನ್ನುತ್ತಾರೆ, ಹೊರಡುವವರು ‘ಹೋಗಿ ಬರ್ತೀನ್ರಿ’ ಎನ್ನುತ್ತಾರೆ. ಶಬ್ದಕ್ಕೆ ತೀರ ವಿರುದ್ಧವಾದ ಅರ್ಥವನ್ನು ಇಡೀ ಮನೆ ತಪ್ಪಿಲ್ಲದೆ ಗ್ರಹಿಸುತ್ತದೆ, ಆ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಪಕ್ಷಕ್ಕೆ ವೋಟು ಹಾಕುತ್ತಿದ್ದರೂ. ಹಾಗಾದರೆ ರಾಜಕೀಯ ಎಲ್ಲಿ ಬಂತು? ಮಾತಾಡಿದವನ ಲಾಭವೇನು, ಕೇಳಿದವನ ಅಡಚಣೆಯೇನು ಎಂಬುದರ ಮೇಲೆ ಅರ್ಥ ತೀರ್ಮಾನವಾಗುತ್ತದೆಂದು ನನ್ನ ಅನುಭವ. ವಿಚಾರಧಾರೆ ಎಂಬುದು ಹೊಟ್ಟೆ ತುಂಬಿದವರ ಮಾತಿಗೆ ಮಾತ್ರ ಅನ್ವಯಿಸುತ್ತದೇನೋ.

ಸೇಡಂ ರಸ್ತೆಯ ಸಂಶೋಧನಾ ವಿದ್ಯಾರ್ಥಿ

ತೊಗರಿ ಕಣದವರ ಆಕ್ಷೇಪದಲ್ಲಿ ಒಂದು ಮುಖ್ಯ ಸಂಗತಿ ಅಡಗಿದೆ. ‘ಹೆಚ್ಚಾಗಿದೆ’, ‘ನೋಡಾಮ್ರಿ’ ಇವು ರೂಢಿಯಾಗಿ ಗಟ್ಟಿಗೊಂಡ ಸೂಚ್ಯಾರ್ಥಗಳು. ಅವನ್ನು ನಾವು ಊಹಿಸುವುದಿಲ್ಲ, ಶಬ್ದದಂತೆಯೇ ಕಲಿತಿರುತ್ತೇವೆ. ಬ್ರಿಟಿಷ್ ತತ್ತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ, 1975ರಲ್ಲಿ ಅಚ್ಚಾದ ಉಪನ್ಯಾಸದಲ್ಲಿ ರೂಢಿಯಿಂದ ಬರುವ ಸೂಚನೆಯನ್ನೂ ಸಂಭಾಷಣೆಯ ಸಂದರ್ಭದಿಂದ ಊಹಿಸಬೇಕಾದ ಸೂಚನೆಯನ್ನೂ ಬೇರೆ ಮಾಡಿದ. ಎರಡನೆಯದಕ್ಕೆ ಅವನು ಕೊಟ್ಟ ಉದಾಹರಣೆ ನಮ್ಮ ಕಾಲೇಜುಗಳಿಗೂ ಒಪ್ಪುತ್ತದೆ: ತತ್ತ್ವಶಾಸ್ತ್ರದ ಹುದ್ದೆಗೆ ಅರ್ಜಿ ಹಾಕಿದ ಶಿಷ್ಯನ ಬಗ್ಗೆ ಗುರು ಬರೆದ ಪತ್ರದಲ್ಲಿ, ಇವನ ಇಂಗ್ಲಿಷ್ ಉತ್ತಮವಾಗಿದೆ, ಪಾಠಕ್ಕೆ ತಪ್ಪದೆ ಬರುತ್ತಿದ್ದ ಎಂದಷ್ಟೇ ಇದೆ. ಓದಿದವರಿಗೆ ಅವನು ದಡ್ಡನೆಂದು ತಿಳಿಯುತ್ತದೆ. ಆದರೆ ಹಾಗೆ ತಿಳಿಯಬೇಕಾದರೆ, ಪತ್ರ ಬರೆದವನು ಸಹಕರಿಸುವ ಮನುಷ್ಯ, ಹೇಳಬೇಕಾದದ್ದನ್ನು ಬೇಕೆಂದೇ ಬಿಟ್ಟಿದ್ದಾನೆ ಎಂಬ ನಂಬಿಕೆ ಮೊದಲು ಇರಬೇಕು. ಈ ನಂಬಿಕೆಯ ಜಾಗದಲ್ಲಿಯೇ ರಾಜಕೀಯ ಒಳಗೆ ಬರುವುದು. ಗಂಜಿನಲ್ಲಿ ರೂಢಿ ಗಟ್ಟಿಯಾಗಿದೆ, ಆದ್ದರಿಂದ ಅಲ್ಲಿ ಅದಕ್ಕೆ ಬಿರುಕು ಸಿಗುವುದಿಲ್ಲ.

ಕಾಗಿಣಾ ದಂಡೆಯವರ ವಾದಕ್ಕೆ ಎಂಬತ್ತು ವರ್ಷ ಹಿಂದಿನ ಒಂದು ಜಗಳವೂ ಬೆಂಬಲ ಕೊಡುತ್ತದೆ. 1936ರಲ್ಲಿ ಇರ್ವಿಂಗ್ ಲಾರ್ಜ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದೇ ಹೇಳಿಕೆಯನ್ನು ಬೇರೆ ಬೇರೆ ಹೆಸರಿನಡಿ ಓದಲು ಕೊಟ್ಟ. ಅದರಲ್ಲೊಂದು, ಆಗಾಗ ಸ್ವಲ್ಪ ದಂಗೆ ಏಳುವುದು ಒಳ್ಳೆಯದೇ ಎಂಬ ಅರ್ಥದ, ಅಮೆರಿಕದ ಸ್ಥಾಪಕರಲ್ಲೊಬ್ಬನಾದ ಥಾಮಸ್ ಜೆಫರ್ಸನ್ 1787ರ ಪತ್ರವೊಂದರಲ್ಲಿ ಬರೆದ ಮಾತು. ಜೆಫರ್ಸನ್ ಹೆಸರಿದ್ದಾಗ ಜನ ಒಪ್ಪಿದರು, ಲೆನಿನ್ ಹೆಸರಿದ್ದಾಗ ಒಪ್ಪಿಗೆ ಕುಸಿಯಿತು. ಹೆಸರಿನ ಪ್ರಭಾವಕ್ಕೆ ಜನ ಕುರುಡಾಗಿ ಬಾಗುತ್ತಾರೆ ಎಂಬುದು ಆಗಿನ ವಿವರಣೆ. 1948ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಸಾಲೊಮನ್ ಆ್ಯಶ್ ಇದನ್ನು ತಿರುಗಿಸಿ ಹಾಕಿದ. ಓದಿದವರನ್ನು ಅದರ ಅರ್ಥ ಕೇಳಿದರೆ, ಜೆಫರ್ಸನ್ ಆಡಿದ ‘ದಂಗೆ’ ಅವರಿಗೆ ಶಾಂತವಾದ ರಾಜಕೀಯ ಚಳವಳಿಯಾಗಿ ಕಂಡಿತ್ತು, ಲೆನಿನ್ ಆಡಿದ ‘ದಂಗೆ’ ರಕ್ತಕ್ರಾಂತಿಯಾಗಿ ಕಂಡಿತ್ತು. ಅಂದರೆ ಒಂದೇ ವಸ್ತುವಿನ ಬಗ್ಗೆ ಅವರ ತೀರ್ಪು ಬದಲಾಗಲಿಲ್ಲ, ತೀರ್ಪಿಗೆ ಬಂದ ವಸ್ತುವೇ ಬದಲಾಗಿತ್ತು ಎಂಬುದು ಆ್ಯಶ್‌ನ ವಾದ. ಜಗತ್ ವೃತ್ತದ ಆ ಇಬ್ಬರು ಗೆಳೆಯರು ಒಂದೇ ವಾಕ್ಯದ ಬಗ್ಗೆ ಭಿನ್ನಾಭಿಪ್ರಾಯ ಪಟ್ಟವರಲ್ಲ. ಅವರು ಕೇಳಿಸಿಕೊಂಡ ವಾಕ್ಯಗಳೇ ಬೇರೆ.

ಬೀದರ ಚೌಬಾರಾ

ನಾನು ಶಾಲಾ ಶಿಕ್ಷಕಿ. ಮನೆಯ ಮಾತು ದಖನಿ ಉರ್ದು, ಓದಿದ್ದು ಕಲಿಸುವುದು ಕನ್ನಡ. ಎಲ್ಲರ ಬರಹವನ್ನೂ ಎರಡು ಸಲ ಓದಿದೆ. ನಿಮ್ಮೆಲ್ಲರ ಮಾತಿನಲ್ಲಿ ಒಂದು ಊಹೆ ಸಮಾನವಾಗಿದೆ: ಸಾದಾ ಮಾತಿನಲ್ಲಿ ಇನ್ನೊಂದು ಅರ್ಥ ಕೇಳಿಸಿಕೊಳ್ಳುವವನು ಒಲವಿನಿಂದಾಗಿ ತಪ್ಪು ಕೇಳಿಸಿಕೊಳ್ಳುತ್ತಿದ್ದಾನೆ ಎಂದು. ವಕೀಲ ಸಾಹೇಬರು ಅವನನ್ನು ದುರ್ಬಲ, ಚಂಚಲ ಎಂದೂ ಕರೆದರು. ನ್ಯಾಯಮೂರ್ತಿಗಳ ಮಾತು ಎಂದು ಅವರು ಹೇಳಬಹುದು, ಎತ್ತಿಕೊಂಡವರು ಅವರೇ.

ನನ್ನ ಸಹೋದ್ಯೋಗಿಯೊಬ್ಬರು, ಮನಸ್ಸಿನಿಂದ ಒಳ್ಳೆಯವರೇ, ಕ್ರಿಕೆಟ್ ಪಂದ್ಯದ ಮರುದಿನ ನನಗೆ ‘ನಿನ್ನೆ ನಿಮ್ಮವರು ಛಲೋ ಆಡಿದ್ರು ಬಿಡ್ರಿ’ ಎಂದರು. ಭಾರತ ಆ ಪಂದ್ಯ ಗೆದ್ದಿತ್ತು. ನಮ್ಮ ತಂಡದ ಒಬ್ಬ ಬೌಲರ್ ಮುಸಲ್ಮಾನ. ಬಹುಶಃ ಅವರ ಮನಸ್ಸಿನಲ್ಲಿದ್ದದ್ದು ಅಷ್ಟೇ. ಆದರೆ ‘ನಿಮ್ಮವರು’ ಎಂಬ ಪದವನ್ನು ನಾನು ಹದಿನೆಂಟು ವರ್ಷಗಳಿಂದ ಯಾವ ಯಾವ ದನಿಯಲ್ಲಿ, ಎಷ್ಟು ಸಲ, ಯಾವ ನಗುವಿನೊಂದಿಗೆ ಕೇಳಿದ್ದೇನೆಂಬ ಲೆಕ್ಕ ನನ್ನ ಬಳಿ ಇದೆ, ಅವರ ಬಳಿ ಇಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಶಿಕ್ಷಕರು ‘ಅದರಾಗ ಏನದ ಮೇಡಂ?’ ಎಂದು ಆಶ್ಚರ್ಯಪಟ್ಟರು. ಅವರಿಗೆ ಕೇಳಿಸದೆ ನನಗೆ ಕೇಳಿಸಿದ್ದು ನನ್ನ ವಿಚಾರಧಾರೆಯ ಫಲವೋ, ಅನುಭವದ ಫಲವೋ? ಬಂಡಿ ಎಲ್ಲಿ ಕಿರುಗುಡುತ್ತದೆ ಎಂಬುದು ಅದರಲ್ಲಿ ಕೂತು ಹೋಗುವವನಿಗಿಂತ ಅದಕ್ಕೆ ಹೆಗಲು ಕೊಟ್ಟ ಎತ್ತಿಗೆ ಮೊದಲು ತಿಳಿಯುತ್ತದೆ.

ಈ ಪ್ರದೇಶದಲ್ಲಿ ‘ನೀವು ಯಾರ ಪೈಕಿ?’ ಎಂಬ ಪ್ರಶ್ನೆ ಎಲ್ಲರಿಗೂ ಗೊತ್ತು. ಊರು ಕೇಳಿದಂತೆ, ಸಂಬಂಧಿಕರನ್ನು ಕೇಳಿದಂತೆ ಅದು ಕಾಣುತ್ತದೆ, ಕೇಳುವುದು ಜಾತಿಯನ್ನು. ಮೇಲಿನ ಓಣಿಯವರು ಇದನ್ನು ಪರಿಚಯದ ಪ್ರಶ್ನೆ ಎನ್ನುತ್ತಾರೆ, ಮನೆ ಬಾಡಿಗೆಗೆ ಹುಡುಕುತ್ತ ಬೀದಿ ಬೀದಿ ಅಲೆದವರು ಇದನ್ನು ಬಾಗಿಲು ಹಾಕುವ ಸದ್ದು ಎನ್ನುತ್ತಾರೆ. ಈ ಇಬ್ಬರ ನಡುವಿನ ವ್ಯತ್ಯಾಸವನ್ನು ‘ರಾಜಕೀಯ ಒಲವು’ ಎಂದು ಒಂದೇ ಹೆಸರಿನಲ್ಲಿ ಕರೆಯಬಾರದು ಎಂದು ನನ್ನ ವಿನಂತಿ.

ಬ್ರಹ್ಮಪುರದ ವಕೀಲ

ಮೇಡಂ, ತಾವು ಹೇಳಿದ್ದು ತಟ್ಟಿತು. ಆ ಅಳತೆಯನ್ನು ನಾನು ಹೋಟೆಲಿನ ಹರಟೆಗೆ ತಂದದ್ದು ತಪ್ಪು. ಒಬ್ಬನನ್ನು ಜೈಲಿಗೆ ಕಳಿಸಬೇಕೋ, ಒಂದು ಕಾರ್ಯಕ್ರಮವನ್ನು ನಿಲ್ಲಿಸಬೇಕೋ ಎಂಬ ತೀರ್ಮಾನಕ್ಕಾಗಿ ಹುಟ್ಟಿದ ಅಳತೆ ಅದು. ಅಲ್ಲಿ ಅನುಮಾನದ ಲಾಭ ಮಾತಾಡಿದವನಿಗೆ ಸಿಗಬೇಕು. ಸಹೋದ್ಯೋಗಿಯ ಮಾತಿನಿಂದ ನೋವಾಯಿತೋ ಇಲ್ಲವೋ ಎಂಬುದಕ್ಕೆ ಆ ತಕ್ಕಡಿ ಬೇಕಿಲ್ಲ.

ಆದರೂ ಒಂದು ಮಾತು. ಮಾತಾಡಿದವನು ‘ನಾನು ಹಾಗೆ ಅನ್ನಲೇ ಇಲ್ಲ’ ಎಂದು ಜಾರಿಕೊಳ್ಳಲು ಪರೋಕ್ಷ ಮಾತೇ ಅನುಕೂಲ. 2008ರಲ್ಲಿ ಸ್ಟೀವನ್ ಪಿಂಕರ್, ಮಾರ್ಟಿನ್ ನೋವಾಕ್, ಜೇಮ್ಸ್ ಲೀ ಎಂಬ ಮೂವರು ಬರೆದ ಪ್ರಬಂಧವೊಂದು ಲಂಚದ ಉದಾಹರಣೆಯಿಂದ ಇದನ್ನು ವಿವರಿಸುತ್ತದೆ. ಪೊಲೀಸನಿಗೆ ‘ಇಲ್ಲೇ ಏನಾದರೂ ಮುಗಿಸಿಕೊಳ್ಳಬಹುದೇ’ ಎಂದರೆ ಭ್ರಷ್ಟನಾದವನು ಅರ್ಥ ಮಾಡಿಕೊಂಡು ಬಿಡುತ್ತಾನೆ, ಪ್ರಾಮಾಣಿಕನಾದವನು ಕೇಸು ಹಾಕಲು ಸಾಕಾಗುವಷ್ಟು ಮಾತು ಅದರಲ್ಲಿರುವುದಿಲ್ಲ. ವೇದಿಕೆಯ ಭಾಷಣಕಾರ ಮಾಡುವುದು ಇದನ್ನೇ, ಸಾವಿರ ಜನರ ಮುಂದೆ. ‘ಅವರು ಯಾರೆಂದು ನಿಮಗೇ ಗೊತ್ತು’ ಎಂದು ನಿಲ್ಲಿಸುತ್ತಾನೆ. ಚಪ್ಪಾಳೆ ಹೊಡೆದವರಿಗೆ ಗೊತ್ತು. ಪೊಲೀಸರ ಮುಂದೆ ಅವನಿಗೇ ಗೊತ್ತಿಲ್ಲ. ಇಂಥ ಕಡೆ ಕೇಳುಗನ ಒಲವನ್ನು ದೂರುವುದು ಅನ್ಯಾಯ, ಏಕೆಂದರೆ ಆ ಒಲವನ್ನು ಲೆಕ್ಕ ಹಾಕಿಯೇ ಮಾತನ್ನು ಹೆಣೆಯಲಾಗಿದೆ.

ಶಹಾಪುರ ಗುಡ್ಡ

ಚಿಕ್ಕದೊಂದು ಸೇರ್ಪಡೆ. ಪರೋಕ್ಷವಾಗಿ ಮಾತಾಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದೇ ಈಗ ರಾಜಕೀಯ ನಿಲುವಾಗಿದೆ. ‘ಇದ್ದದ್ದು ಇದ್ದಂಗ ಹೇಳ್ತಾನ’ ಎಂಬುದು ಚುನಾವಣೆಯಲ್ಲಿ ದೊಡ್ಡ ಯೋಗ್ಯತೆ. ಸೂಕ್ಷ್ಮವಾಗಿ ಮಾತಾಡುವವನು ಢೋಂಗಿ ಎನಿಸಿಕೊಳ್ಳುತ್ತಾನೆ. ಆದರೆ ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನು ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವ ನೆಲ ಇದು. ಬಸವಕಲ್ಯಾಣದ ಕಡೆಯ, ಒಗಟಿನಂಥ ಬೆಡಗಿನ ವಚನಗಳಂತೂ ಬಿಡಿಸಿದಷ್ಟೂ ಉಳಿಯುತ್ತವೆ. ಅದೇ ಜನ ಹಗಲು ‘ಡೊಂಕು ಮಾತು ನಮಗೆ ತಿಳಿಯೋದಿಲ್ಲ’ ಎನ್ನುತ್ತಾರೆ. ಅನುಕೂಲ ನೋಡಿ ಕಿವಿ ತೆರೆಯುತ್ತೇವೆ ಎಂದು ನನಗೆ ಅನ್ನಿಸುತ್ತದೆ.

ಕಾಗಿಣಾ ದಂಡೆ

ಬೀದರ ಚೌಬಾರಾದವರಿಗೆ ಮೊದಲು ಉತ್ತರಿಸಬೇಕು. ನಿಮ್ಮ ಆಕ್ಷೇಪಣೆ ನ್ಯಾಯವಾದದ್ದು, ನಾನು ಅದನ್ನು ನೋಡಿರಲಿಲ್ಲ. ಮಮ್ಮಟನ ಪಟ್ಟಿಯಲ್ಲಿ ‘ಕೇಳಿದವನಾರು’ ಎಂಬುದೂ ಇದೆಯಲ್ಲ. ಆ ಪದವನ್ನು ನಾನು ಒಲವಿಗೆ ಮಾತ್ರ ಸಂಕುಚಿತಗೊಳಿಸಿದೆ. ಕೇಳುಗನ ಗತ ಅನುಭವ ಒಂದು ಬಗೆಯ ವಿದ್ಯೆ. ಆ ವಿದ್ಯೆ ಇಲ್ಲದವನಿಗೆ ಸೂಚ್ಯಾರ್ಥ ಕೇಳಿಸದಿರುವುದು ಅವನ ನಿಷ್ಪಕ್ಷಪಾತಕ್ಕೆ ಸಾಕ್ಷಿಯಲ್ಲ.

ಆದರೆ ಪೂರ್ತಿ ಶರಣಾಗಲು ಮನಸ್ಸು ಒಪ್ಪುತ್ತಿಲ್ಲ. ಹೋಟೆಲಿನ ಆ ದಿನ ನನ್ನ ಇಬ್ಬರು ಗೆಳೆಯರೂ 1948ರ ಬಳಿಕ ಹುಟ್ಟಿದವರು. ಒಬ್ಬರ ಮನೆಯಲ್ಲಿ ಒಂದು ಕಥೆ ಬೆಳೆದಿದೆ, ಇನ್ನೊಬ್ಬರು ತಮ್ಮ ಕಥೆಯನ್ನು ಪುಸ್ತಕಗಳಿಂದ ಪಡೆದವರು. ಇಬ್ಬರೂ ಅದನ್ನು ಅನುಭವವೆಂದೇ ಕರೆಯುತ್ತಾರೆ. ಹಾಗೆಂದ ಮೇಲೆ ಎರವಲು ಪಡೆದ ನೋವಿಗೂ ಸ್ವಂತ ನೋವಿಗೂ ಗೆರೆ ಎಲ್ಲಿ ಎಳೆಯಬೇಕು? ಸಂಘಟನೆಗಳ ಕೆಲಸವೇ ಈ ಎರವಲನ್ನು ಊರೂರಿಗೆ ಹಂಚುವುದು. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಯಾರಿಗೂ ಕಿವಿಗೆ ಚುಚ್ಚದ ಒಂದು ಪದ ಈಗ ಇಡೀ ಊರಿಗೆ ಚುಚ್ಚುತ್ತದೆ, ಹೊಸ ಅವಮಾನವೇನೂ ಆಗದೆ.

ತೊಗರಿ ಕಣ

ವಿದ್ಯಾರ್ಥಿಯವರ ಜೆಫರ್ಸನ್ ಕಥೆ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ‘ರೈತರು ಇನ್ನಷ್ಟು ತಾಳ್ಮೆಯಿಂದ ಇರಬೇಕು’ ಎಂಬ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಬಂದವರ ಮುಂದೆ ಓದಿದೆ. ಕೆಲವರಿಗೆ ಇದು ಮಂತ್ರಿಗಳೊಬ್ಬರ ಹೇಳಿಕೆ ಎಂದೆ, ಕೆಲವರಿಗೆ ರೈತ ಸಂಘದ ಮುಖಂಡರೊಬ್ಬರ ಹೇಳಿಕೆ ಎಂದೆ. ಏನು ಅರ್ಥವಾಯಿತು ಎಂದು ಮಾತ್ರ ಕೇಳಿದೆ, ಒಪ್ಪುತ್ತೀರಾ ಎಂದು ಕೇಳಲಿಲ್ಲ. ಮಂತ್ರಿಯ ಮಾತೆಂದು ತಿಳಿದವರು, ಈ ವರ್ಷ ದರ ಏರುವುದಿಲ್ಲ, ಬಾಯಿ ಮುಚ್ಚಿಕೊಂಡಿರಿ ಎಂದು ಹೇಳುತ್ತಿದ್ದಾರೆ ಎಂದರು. ಸಂಘದವರ ಮಾತೆಂದು ತಿಳಿದವರು, ಈಗಲೇ ಮಾರಬೇಡಿ, ಚೀಲ ಕಟ್ಟಿ ಮನೆಯಲ್ಲಿಡಿ, ದರ ಬಂದೇ ಬರುತ್ತದೆ ಎಂದು ಹೇಳುತ್ತಿದ್ದಾರೆ ಎಂದರು. ಅಕ್ಷರ ಒಂದೂ ಬದಲಾಗಿರಲಿಲ್ಲ. ಮಂತ್ರಿಯ ಪಕ್ಷದವರೇ ಆದ ಒಬ್ಬ ಗಿರಾಕಿ ಮಾತ್ರ, ಖರೀದಿ ಕೇಂದ್ರ ತೆರೆಯುವವರೆಗೆ ಕಾಯಿರಿ ಎಂದು ಹಿತ ಹೇಳಿದ್ದಾರೆ ಎಂದು ವಿವರಿಸಿದರು. ಇಲ್ಲಿ ನಾನು ಸೋತೆ, ರಾಜಕೀಯ ಬಂತು.

ಗೆದ್ದದ್ದು ಒಂದು ಕಡೆ. ತೂಕದ ಹಮಾಲಿಗೆ ಯಾರ ಮಾತೆಂದು ಹೇಳಿದರೂ ಉತ್ತರ ಒಂದೇ ಬಂತು: ‘ತಲಿ ಮ್ಯಾಲ ಸಾಲ ಇದ್ದಂವ ತಾಳ್ಮಿ ಹೆಂಗ ಮಾಡ್ತಾನ್ರಿ? ಇದು ಸಾಲ ಇಲ್ಲದಂವ ಹೇಳಿದ ಮಾತು.’ ಹೆಸರನ್ನು ಅವನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ವಾಕ್ಯದಿಂದಲೇ ಹೇಳಿದವನ ಸ್ಥಿತಿಯನ್ನು ತೆಗೆದ.

ಸೇಡಂ ರಸ್ತೆಯ ಸಂಶೋಧನಾ ವಿದ್ಯಾರ್ಥಿ

ಸುಳ್ಳು ಹೆಸರು ಹೇಳಿದ್ದನ್ನು ಕೊನೆಗೆ ಅವರಿಗೆ ತಿಳಿಸಿದಿರಿ ತಾನೇ? ಇಲ್ಲವಾದರೆ ಆ ಮಂತ್ರಿಯ ‘ಹೇಳಿಕೆ’ ಇಷ್ಟರಲ್ಲಿ ಚಿಂಚೋಳಿ ತಲುಪಿರುತ್ತದೆ. ಹಮಾಲಿಯ ಉತ್ತರ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ನಾವೆಲ್ಲ ಹೇಳಿದವನಿಂದ ಮಾತಿಗೆ ಅರ್ಥ ತುಂಬುತ್ತಿದ್ದರೆ ಅವನು ಮಾತಿನಿಂದ ಹೇಳಿದವನನ್ನು ಕಟ್ಟಿದ. ಅದೂ ಊಹೆಯೇ, ಆದರೆ ಹೇಳಿದವನ ಗುರುತಿನ ಚೀಟಿ ಕೇಳದ ಊಹೆ.

ಹಾಸ್ಯದ ವಿಷಯ ಯಾರೂ ಎತ್ತಲಿಲ್ಲ. ಅಮೆರಿಕದಲ್ಲಿ ಸ್ಟೀಫನ್ ಕೋಲ್ಬೇರ್ ಎಂಬ ಹಾಸ್ಯಗಾರ ಸಂಪ್ರದಾಯವಾದಿ ನಿರೂಪಕನ ವೇಷ ಹಾಕಿ ಅಂಥ ನಿರೂಪಕರನ್ನೇ ಅಣಕಿಸುತ್ತಿದ್ದ. 2009ರಲ್ಲಿ ಪ್ರಕಟವಾದ, 332 ಜನರ ಮೇಲೆ ನಡೆದ ಅಧ್ಯಯನವೊಂದು ಕಂಡುಕೊಂಡದ್ದು ಇದು: ಅವನು ನಗಿಸುತ್ತಾನೆ ಎಂಬಲ್ಲಿ ಎರಡೂ ಪಂಗಡಗಳಿಗೆ ಗಮನಾರ್ಹ ವ್ಯತ್ಯಾಸವಿರಲಿಲ್ಲ, ಆದರೆ ಸಂಪ್ರದಾಯವಾದಿಗಳು, ಅವನು ತಮಾಷೆಯ ನೆಪ ಮಾಡುತ್ತಿದ್ದಾನೆ, ಒಳಗೊಳಗೆ ಆಡಿದ್ದನ್ನೇ ನಂಬಿದ್ದಾನೆ ಎಂದು ಭಾವಿಸುವ ಸಂಭವ ಹೆಚ್ಚಿತ್ತು. ಇದನ್ನು ಹಿಡಿದು ಒಂದು ಪಂಗಡಕ್ಕೆ ವ್ಯಂಗ್ಯ ತಿಳಿಯುವುದಿಲ್ಲ ಎನ್ನುವವರಿದ್ದಾರೆ, ನಾನು ಹಾಗೆನ್ನಲಾರೆ. ವ್ಯಂಗ್ಯದ ಗುರಿ ತಾನೇ ಆದಾಗ ಯಾರಿಗೂ ಅದು ವ್ಯಂಗ್ಯವಾಗಿ ಕಾಣುವುದು ಕಷ್ಟ. ಪ್ರಗತಿಪರರನ್ನು ಅಣಕಿಸುವವನನ್ನು ತೋರಿಸಿದ್ದರೆ ಏನಾಗುತ್ತಿತ್ತೆಂದು ಆ ಅಧ್ಯಯನ ಹೇಳುವುದಿಲ್ಲ. ನಮ್ಮ ಹಾಸ್ಟೆಲಿನಲ್ಲಿ ನಾನು ಎರಡೂ ಬಗೆಯನ್ನು ನೋಡಿದ್ದೇನೆ.

ದನಿಯ ಮಾತನ್ನೂ ಸೇರಿಸಬೇಕು. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದಂತೆ, ಇಮೇಲಿನಲ್ಲಿ ಚುಚ್ಚುಮಾತು ಬರೆದವರು ಓದುಗರಿಗೆ ಅದು ತಿಳಿದೇ ತಿಳಿಯುತ್ತದೆಂದು ನಂಬಿರುತ್ತಾರೆ, ಓದುಗರು ಮಾತ್ರ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ ಊಹಿಸುತ್ತಾರೆ. ‘ಹೌದ್ರಿ’ ಎಂಬ ನಮ್ಮ ಒಂದು ಪದಕ್ಕೆ ಒಪ್ಪಿಗೆ, ಅನುಮಾನ, ತಿರಸ್ಕಾರ, ‘ಸಾಕು ನಿಲ್ಲಿಸು’ ಎಂಬ ನಾಲ್ಕು ದನಿಗಳಿವೆ. ಮೊಬೈಲಿನ ಪರದೆಯ ಮೇಲೆ ಆ ನಾಲ್ಕೂ ಒಂದೇ ಆಗುತ್ತವೆ. ದನಿ ಇಲ್ಲದ ಖಾಲಿ ಜಾಗವನ್ನು ಓದುವವನು ತನ್ನ ಒಲವಿನಿಂದ ತುಂಬಿಕೊಳ್ಳುತ್ತಾನೆ. ಕಾವ್ಯಮೀಮಾಂಸಕರು ಇದಕ್ಕೆ ‘ಕಾಕು’ ಎಂದು ಹೆಸರಿಟ್ಟು ಬೇರೆಯಾಗಿ ಎಣಿಸಿದ್ದು ಎಷ್ಟು ಸರಿ.

ಬೀದರ ಚೌಬಾರಾ

ಎರವಲು ನೋವಿನ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿಲ್ಲ, ಸರ್. ನನ್ನ ಅಜ್ಜಿ ‘ಪೊಲೀಸ್ ಆ್ಯಕ್ಷನ್’ ಎಂಬ ಎರಡು ಇಂಗ್ಲಿಷ್ ಪದಗಳನ್ನು ಮಾತ್ರ ಬಲ್ಲವರಾಗಿದ್ದರು, ಅವನ್ನು ದಖನಿಯ ಪದಗಳೆಂದೇ ತಿಳಿದಿದ್ದರು. ಆ ಪದ ಬಂದಾಗ ಅವರು ಎದ್ದು ಒಳಗೆ ಹೋಗುತ್ತಿದ್ದರು. ನಾನು ಕೇಳಿಸಿಕೊಂಡದ್ದು ಆ ಎದ್ದುಹೋಗುವುದನ್ನು; ಅದನ್ನು ಎರವಲು ಎನ್ನುವುದೋ ಸ್ವಂತ ಎನ್ನುವುದೋ ತಿಳಿಯೆ. ಇಲ್ಲಿಂದ ದೂರವಿರದ ಗೋರಟಾದಲ್ಲಿ, ರಜಾಕಾರರು ಕೊಂದವರ ಮನೆಗಳಲ್ಲಿಯೂ ಯಾವುದೋ ಪದಕ್ಕೆ ಎದ್ದುಹೋದ ಅಜ್ಜಿಯರು ಇದ್ದಿರಲೇಬೇಕು.

ಒಂದು ಕುತೂಹಲ. ‘ಏನೇನೋ ನೆನಪಾಗ್ತದ’ ಎಂದ ಆ ಹಿರಿಯರ ಮಾತಿಗೆ ನಾವು ಇಷ್ಟು ದಿನ ಅರ್ಥ ಹಚ್ಚಿದೆವು. ಆ ವರ್ಷವನ್ನು ಅವರು ಏನೆಂದು ಕರೆಯುತ್ತಾರೆ? ವಿಮೋಚನೆಯೋ, ವಿಲೀನವೋ, ಆ್ಯಕ್ಷನ್ನೋ?

ಕಾಗಿಣಾ ದಂಡೆ

ನಿಮ್ಮ ಪ್ರಶ್ನೆಯನ್ನು ಹಿಡಿದುಕೊಂಡು ಮೊನ್ನೆ ಅವರ ಮನೆಗೆ ಹೋಗಿದ್ದೆ. ನೆನಪು ಯಾವುದೆಂದು ಕೇಳಲಿಲ್ಲ. ಆ ವರ್ಷದಲ್ಲಿ ನಿಮಗೆಷ್ಟು ವಯಸ್ಸು ಎಂದು ಮಾತ್ರ ಕೇಳಿದೆ. ‘ಗಡಬಡಿ ಆದ ವರ್ಷ ಏನು? ಆರೋ ಏಳೋ ಇರಬೇಕು’ ಎಂದರು. ನಿಮ್ಮ ಮೂರು ಹೆಸರುಗಳಲ್ಲಿ ಒಂದೂ ಅವರ ಬಾಯಲ್ಲಿ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಮುಂದುವರಿಸಿದರು. ಜೋಳ ತೆಗೆದು ಖಾಲಿಯಾಗಿದ್ದ ಹಗೇವಿನಲ್ಲಿ ಅವರ ತಾಯಿ ಅವರನ್ನೂ ತಂಗಿಯನ್ನೂ ಇಳಿಸಿ, ಬಾಯಿಗೆ ಹಾಸುಗಲ್ಲು ಎಳೆದು, ಒಂದು ಬದಿಯಲ್ಲಿ ನಾಲ್ಕು ಬೆರಳು ಸಂದಿ ಬಿಟ್ಟಿದ್ದರಂತೆ. ಮೇಲೆ ಓಡುವ ಕಾಲುಗಳ ಸದ್ದು ಕೇಳಿಸುತ್ತಿತ್ತಂತೆ, ಒಂದು ಸಲವಲ್ಲ, ಕೆಲವು ದಿನ ಬಿಟ್ಟು ಇನ್ನೊಂದು ಸಲ. ಮೊದಲ ಸಲ ಬಂದವರು ಯಾರು, ಎರಡನೆಯ ಸಲ ಬಂದವರು ಯಾರು ಎಂದು ನಾನು ತಡೆಯಲಾರದೆ ಕೇಳಿದೆ.

‘ಒಳಗ ಕುಂತಂವರಿಗೆ ಕಾಲಿನ ಸಪ್ಪಳಷ್ಟೇ ಕೇಳ್ತದ್ರಿ ಮಾಸ್ತರ’ ಎಂದರು, ಮತ್ತು ಸೊಸೆಯನ್ನು ಕರೆದು ನನಗೆ ಚಹಾ ತರಲು ಹೇಳಿದರು.